ಅಲ್ಟ್ರಾವೈಡ್ ಮಾನಿಟರ್‌ನಲ್ಲಿ ನಡುವಿನ ಜಾಗ ಮೊದಲು: ಕೀಬೋರ್ಡ್‌ನಿಂದಲೇ ವಿಂಡೋ ಜೋಡಿಸುವುದು ಹೇಗೆ

34 ಇಂಚಿನ ಅಲ್ಟ್ರಾವೈಡ್ ಮಾನಿಟರ್ ಮೇಜಿನ ಮೇಲೆ ಬಂದ ದಿನ ಹೆಚ್ಚಿನವರು ಮಾಡುವ ಕೆಲಸ ಒಂದೇ. ವಿನ್ ಕೀ, ಅಂದರೆ ವಿಂಡೋಸ್ ಚಿಹ್ನೆಯ ಕೀ, ಹಿಡಿದು ಎಡ ಬಾಣ ಒತ್ತುತ್ತಾರೆ. ಇನ್ನೊಂದು ವಿಂಡೋಗೆ ಬಲ ಬಾಣ. ಸ್ಕ್ರೀನ್ ಸರಿಯಾಗಿ ಎರಡು ಪಾಲಾಗುತ್ತದೆ, ನೋಡೋಕೆ ಅಚ್ಚುಕಟ್ಟಾಗಿಯೂ ಇರುತ್ತದೆ. ಈಗ ಕುರ್ಚಿಯಲ್ಲಿ ನೆಟ್ಟಗೆ ಕೂತು, ಕತ್ತು ತಿರುಗಿಸದೆ ಮುಂದೆ ನೋಡಿ. ನಿಮ್ಮ ಮೂಗಿನ ನೇರಕ್ಕೆ ಏನಿದೆ? ಎರಡು ವಿಂಡೋ ಸೇರುವ ಗೆರೆ. ಇಡೀ ಸ್ಕ್ರೀನ್‌ನಲ್ಲಿ ಕಣ್ಣಿಗೆ ಅತಿ ಸುಲಭವಾಗಿ ಸಿಗುವ ಜಾಗ ಅದು. ಅಲ್ಲಿ ಓದುವಂಥದ್ದು ಏನೂ ಇಲ್ಲ. ದಿನವಿಡೀ ನೋಡಬೇಕಾದ ಕೋಡೋ ಎಕ್ಸೆಲ್ ಶೀಟೋ ಪಕ್ಕಕ್ಕೆ ಸರಿದಿದೆ, ಕತ್ತು ಸಂಜೆವರೆಗೂ ಆ ಕಡೆಗೇ ಸ್ವಲ್ಪ ತಿರುಗಿಕೊಂಡಿರುತ್ತದೆ.

ಅರ್ಧ-ಅರ್ಧ ಅನ್ನೋದು ಮಾಮೂಲಿ ಮಾನಿಟರ್‌ನಿಂದ ಬಂದ ಅಭ್ಯಾಸ. ಅಲ್ಲಿ ಅಗಲ ಕಡಿಮೆ, ಹಾಗಾಗಿ ತೊಂದರೆ ಗೊತ್ತಾಗುವುದಿಲ್ಲ. ಅಗಲ ಸ್ಕ್ರೀನ್‌ನಲ್ಲಿ ಮೊದಲು ಜಾಗ ಗೊತ್ತು ಮಾಡಿಕೊಳ್ಳಬೇಕು, ಶಾರ್ಟ್‌ಕಟ್ ಆಮೇಲೆ. ನಡುವಿನ ಜಾಗ ಮುಖ್ಯ ಕೆಲಸಕ್ಕೆ. ಎಡ ಬಲ ಎರಡೂ ಆಗಾಗ ಕಣ್ಣು ಹಾಯಿಸುವ ವಿಷಯಗಳಿಗೆ. ಇದನ್ನು ನಿರ್ಧರಿಸದೆ ಶಾರ್ಟ್‌ಕಟ್ ಪಟ್ಟಿ ಬಾಯಿಪಾಠ ಮಾಡಿದರೆ, ತಪ್ಪು ಜಾಗಕ್ಕೆ ವಿಂಡೋವನ್ನು ಬೇಗ ಕಳಿಸೋದು ಕಲಿತಂತಾಗುತ್ತದೆ ಅಷ್ಟೇ.

ಸ್ವಲ್ಪ ಲೆಕ್ಕ ನೋಡೋಣ. 27 ಇಂಚಿನ ಮಾಮೂಲಿ 16:9 (ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ) ಮಾನಿಟರ್ ಸುಮಾರು 60 ಸೆಂಟಿಮೀಟರ್ ಅಗಲ ಇರುತ್ತದೆ. 34 ಇಂಚಿನ 21:9 ಮಾನಿಟರ್ ಎತ್ತರದಲ್ಲಿ ಹೆಚ್ಚುಕಡಿಮೆ ಅಷ್ಟೇ, ಅಗಲ ಮಾತ್ರ ಸುಮಾರು 80 ಸೆಂಟಿಮೀಟರ್. 49 ಇಂಚಿನ 32:9 ಅಂತೂ ಸುಮಾರು 120 ಸೆಂಟಿಮೀಟರ್, ಅಂದರೆ ಎರಡು 27 ಇಂಚಿನ ಮಾನಿಟರ್‌ಗಳನ್ನು ನಡುವೆ ಅಂಚಿಲ್ಲದೆ ಸೇರಿಸಿದಷ್ಟು. ಇಷ್ಟು ಅಗಲದಲ್ಲಿ ಒಂದೇ ವಿಂಡೋವನ್ನು ಮ್ಯಾಕ್ಸಿಮೈಸ್ ಮಾಡಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ವೆಬ್‌ಸೈಟ್ ನಡುವೆ ಒಂದು ಕಂಬದಂತೆ ನಿಂತು ಎರಡೂ ಕಡೆ ಬಿಳಿ ಬಯಲು. ಡಾಕ್ಯುಮೆಂಟ್ ಆಗಿದ್ದರೆ ಸಾಲು ಆ ತುದಿಯಿಂದ ಈ ತುದಿವರೆಗೆ ಓಡುತ್ತದೆ, ಸಾಲು ಮುಗಿಸಿ ಎಡಕ್ಕೆ ವಾಪಸ್ ಬಂದಾಗ ಮುಂದಿನ ಸಾಲು ಯಾವುದು ಅಂತ ಕಣ್ಣು ತಡಕಾಡುತ್ತದೆ.

ಪಿಕ್ಸೆಲ್ ಲೆಕ್ಕ ಇನ್ನೂ ಉಪಯೋಗಕ್ಕೆ ಬರುತ್ತದೆ. ಯಾಕಂದರೆ ಎಷ್ಟು ಪಾಲು ಮಾಡಬಹುದು ಅನ್ನೋದನ್ನು ಹೇಳೋದೇ ಅದು. 3440×1440, ಅಂದರೆ ಅಗಲಕ್ಕೆ 3440 ಎತ್ತರಕ್ಕೆ 1440 ಪಿಕ್ಸೆಲ್ (ಚಿತ್ರದ ಚುಕ್ಕಿ) ಇರುವ ಸ್ಕ್ರೀನನ್ನು ಮೂರು ಸಮ ಪಾಲು ಮಾಡಿದರೆ ಒಂದೊಂದಕ್ಕೂ ಸುಮಾರು 1146 ಪಿಕ್ಸೆಲ್ ಸಿಗುತ್ತದೆ. ಬ್ರೌಸರ್‌ಗೆ ಇದು ಆರಾಮಾಗಿ ಸಾಕು. ಕಾಲು-ಅರ್ಧ-ಕಾಲು ಮಾಡಿದರೆ 860, 1720, 860. ನಡುವೆ ಧಾರಾಳ ಜಾಗ, ಪಕ್ಕಗಳಲ್ಲಿ ಚಾಟ್, ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ವಿಂಡೋ), ಪಿಡಿಎಫ್ ಹಿಡಿಸುವಷ್ಟು. ಆದರೆ ಕಡಿಮೆ ಬೆಲೆಗೆ ಸಿಗುವ ಅಲ್ಟ್ರಾವೈಡ್‌ಗಳಲ್ಲಿ 2560×1080 ಜಾಸ್ತಿ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಮಾನಿಟರ್ ವಿಚಾರಿಸಲು ಹೋದರೆ ಇಂಚು ಎಷ್ಟು ಅಂತ ಮಾತ್ರ ಕೇಳಬೇಡಿ, ಈ ಸಂಖ್ಯೆಯನ್ನೂ ಕೇಳಿ. 2560ನ್ನು ಮೂರು ಮಾಡಿದರೆ ಬರುವುದು 853. ಆ ಅಗಲಕ್ಕೆ ಎಷ್ಟೋ ವೆಬ್‌ಸೈಟ್‌ಗಳು ಟ್ಯಾಬ್ಲೆಟ್ ರೂಪಕ್ಕೆ ಬದಲಾಗಿಬಿಡುತ್ತವೆ, ಮೆನು ಎಲ್ಲಾ ಮೂರು ಗೆರೆಯ ಚಿಹ್ನೆಯೊಳಗೆ ಅಡಗಿಕೊಳ್ಳುತ್ತದೆ. ಅಂಥ ಸ್ಕ್ರೀನ್‌ಗೆ ಮೂರು ಸಮ ಪಾಲು ಬೇಡ. ಮೂರರಲ್ಲಿ ಎರಡು ಪಾಲು ಮುಖ್ಯ ಕೆಲಸಕ್ಕೆ, ಉಳಿದ ಒಂದು ಪಾಲು ಪಕ್ಕದ ವಿಂಡೋಗೆ ಕೊಟ್ಟು, ಮಾನಿಟರನ್ನೇ ಒಂಚೂರು ಸರಿಸಿ ಆ ದೊಡ್ಡ ಪಾಲು ನಿಮ್ಮ ಎದುರಿಗೆ ಬರುವ ಹಾಗೆ ಮಾಡಿಕೊಳ್ಳಿ. 5120×1440 ಇರುವವರಿಗೆ ಯೋಚನೆಯೇ ಬೇಡ. 1280, 2560, 1280. ನಡುವಿನದು ಪೂರ್ತಿ ಒಂದು 27 ಇಂಚಿನ ಮಾನಿಟರ್, ಎರಡೂ ಕಡೆ ಅರ್ಧರ್ಧ ಮಾನಿಟರ್.

ಯಾರಿಗೆ ಯಾವ ಜೋಡಣೆ ಅನ್ನೋದು ಕೆಲಸದ ಮೇಲೆ ಹೋಗುತ್ತದೆ. ಔಟರ್ ರಿಂಗ್ ರೋಡ್‌ನ ಆಫೀಸಿನಲ್ಲಿ ಕೋಡ್ ಬರೆಯುವವರಿಗೆ ನಡುವೆ ಎಡಿಟರ್, ಎಡಕ್ಕೆ ಬ್ರೌಸರ್, ಬಲಕ್ಕೆ ಟರ್ಮಿನಲ್ ಮತ್ತು ಚಾಟ್. ಬಸವನಗುಡಿಯ ಯಾವುದೋ ಆಡಿಟರ್ ಆಫೀಸಿನಲ್ಲಿ ಕೂತವರಿಗೆ ನಡುವೆ ಟ್ಯಾಲಿ, ಒಂದು ಕಡೆ ಎಕ್ಸೆಲ್, ಇನ್ನೊಂದು ಕಡೆ ಜಿಎಸ್‌ಟಿ ಪೋರ್ಟಲ್. ನನ್ನ ಪ್ರಕಾರ ಅಲ್ಟ್ರಾವೈಡ್‌ನಿಂದ ಅತಿ ಜಾಸ್ತಿ ಲಾಭ ಇರುವುದು ಇವರಿಗೇ. ಮೂರು ಕಡೆಯ ಅಂಕಿಗಳನ್ನು ತಾಳೆ ನೋಡುವ ಕೆಲಸ ಅದು, ಆಲ್ಟ್ ಟ್ಯಾಬ್ ಒತ್ತೀ ಒತ್ತೀ ಅಂಕಿ ನೆನಪಿಟ್ಟುಕೊಳ್ಳುವ ಕಷ್ಟ ತಪ್ಪುತ್ತದೆ. ಜೊತೆಗೆ ಟ್ಯಾಲಿ ನಮ್ಮ ಬೆಂಗಳೂರಿನದೇ ಸಾಫ್ಟ್‌ವೇರ್, ಮೊದಲಿನಿಂದಲೂ ಕೀಬೋರ್ಡ್ ಮೇಲೇ ಓಡುವಂಥದ್ದು. ಅದನ್ನು ವರ್ಷಗಟ್ಟಲೆ ಬಳಸಿದವರ ಬೆರಳಿಗೆ ಶಾರ್ಟ್‌ಕಟ್ ಹೊಸದೇನಲ್ಲ. ಅನುವಾದ ಮಾಡುವವರಿಗೆ ಎಡಕ್ಕೆ ಮೂಲ, ನಡುವೆ ಬರೆಯುವ ಪುಟ, ಬಲಕ್ಕೆ ನಿಘಂಟು.

ಇನ್ನೊಂದು ವಿಷಯ ಹೇಳಿ ಶಾರ್ಟ್‌ಕಟ್‌ಗೆ ಬರುತ್ತೇನೆ. ವಿಂಡೋ ಸಂಬಂಧದ ಕೀಗಳೆಲ್ಲ ನಾಲ್ಕು ಕೆಲಸಗಳಲ್ಲಿ ಒಂದನ್ನು ಮಾಡುತ್ತವೆ. ವಿಂಡೋವನ್ನು ಒಂದು ಜಾಗದಲ್ಲಿ ಕೂರಿಸುವುದು ಒಂದು. ಈಗಾಗಲೇ ಕೂತಿರುವ ಬೇರೆ ವಿಂಡೋಗೆ ಹೋಗುವುದು, ಅಂದರೆ ಟೈಪ್ ಮಾಡಿದ್ದು ಯಾವುದರಲ್ಲಿ ಬೀಳಬೇಕು ಅನ್ನೋದು, ಇನ್ನೊಂದು. ಒಂದೇ ಜಾಗದಲ್ಲಿ ಒಂದರ ಹಿಂದೆ ಒಂದು ನಿಂತಿರುವ ವಿಂಡೋಗಳನ್ನು ಅದಲು ಬದಲು ಮಾಡುವುದು ಮೂರನೆಯದು. ಇಡೀ ಜೋಡಣೆಯನ್ನೇ ಬದಲಿಸುವುದು ನಾಲ್ಕನೆಯದು. ಹೆಚ್ಚಿನವರು ಮೊದಲನೆಯದನ್ನು ಮಾತ್ರ ಕಲಿಯುತ್ತಾರೆ. ಆದರೆ ಕೂರಿಸುವ ಕೆಲಸ ಬೆಳಗ್ಗೆ ಒಂದು ಸಲ ಮುಗಿದುಹೋಗುತ್ತದೆ, ದಿನವಿಡೀ ಬೇಕಾಗುವುದು ಎರಡನೆಯದು ಮತ್ತು ಮೂರನೆಯದು. ಯಾವ ಸಾಫ್ಟ್‌ವೇರ್ ಬಳಸಿದರೂ ಈ ನಾಲ್ಕಕ್ಕೂ ಅದರಲ್ಲಿ ಕೀ ಯಾವುದು ಅಂತ ಕೇಳಿಕೊಳ್ಳಿ.

ವಿಂಡೋಸ್‌ನಲ್ಲಿ

ವಿಂಡೋಗಳನ್ನು ಪಕ್ಕಪಕ್ಕ ಜೋಡಿಸುವುದು ಹೊಸ ಯೋಚನೆಯೇನಲ್ಲ. 1985ರ ವಿಂಡೋಸ್ 1.0ದಲ್ಲಿ ಅಪ್ಲಿಕೇಶನ್ ವಿಂಡೋಗಳು ಒಂದರ ಮೇಲೊಂದು ಬರಲು ಬಿಡುತ್ತಲೇ ಇರಲಿಲ್ಲ, ಎಲ್ಲಾ ಪಕ್ಕಪಕ್ಕವೇ. 1987ರ ವಿಂಡೋಸ್ 2.0ದಲ್ಲಿ ಒಂದರ ಮೇಲೊಂದು ಹೇರುವುದು ಶುರುವಾಯಿತು. ಆಮೇಲೆ 2009ರಲ್ಲಿ ವಿಂಡೋಸ್ 7 ಬಂದಾಗ ವಿನ್ ಕೀ ಜೊತೆ ಎಡ ಬಲ ಬಾಣ ಒತ್ತಿದರೆ ಅರ್ಧ ಸ್ಕ್ರೀನ್‌ಗೆ ಕೂರುವ ಸೌಲಭ್ಯ ಬಂತು. ವಿಂಡೋಸ್ 10ರಲ್ಲಿ ನಾಲ್ಕು ಮೂಲೆ ಸೇರಿಕೊಂಡವು. ಎಡ ಬಾಣ ಒತ್ತಿ, ವಿನ್ ಕೀ ಬಿಡದೆ ಮೇಲಿನ ಬಾಣ ಒತ್ತಿದರೆ ಎಡ ಮೇಲಿನ ಮೂಲೆ.

ಅಲ್ಟ್ರಾವೈಡ್‌ಗೆ ನಿಜವಾಗಿ ಬೇಕಾದದ್ದು ಬಂದಿದ್ದು 2021ರ ವಿಂಡೋಸ್ 11ರಲ್ಲಿ. ವಿನ್ ಮತ್ತು ಝಡ್ ಒಟ್ಟಿಗೆ ಒತ್ತಿ. ವಿಂಡೋದ ಮೇಲ್ತುದಿಯಲ್ಲಿ ಸಣ್ಣ ಸಣ್ಣ ಲೇಔಟ್ ಚಿತ್ರಗಳು ಬರುತ್ತವೆ, ಒಂದೊಂದರ ಮೇಲೂ ಒಂದು ಸಂಖ್ಯೆ ಇರುತ್ತದೆ. ಲೇಔಟ್‌ನ ಸಂಖ್ಯೆ ಒತ್ತಿ, ಆಮೇಲೆ ಅದರೊಳಗಿನ ಜಾಗದ ಸಂಖ್ಯೆ ಒತ್ತಿ. ಮುಗಿಯಿತು, ಮೌಸ್ ಮುಟ್ಟಲೇ ಇಲ್ಲ. ಉಳಿದ ಜಾಗಗಳಿಗೆ ಯಾವ ವಿಂಡೋ ಬೇಕು ಅಂತ ಅದೇ ಕೇಳುತ್ತದೆ. ಬಾಣದ ಕೀಯಿಂದ ಆರಿಸಿ ಎಂಟರ್ ಒತ್ತಿ, ಬೇಡ ಅಂದರೆ ಎಸ್ಕೇಪ್. ಅಗಲ ಸ್ಕ್ರೀನ್‌ನಲ್ಲಿ ಮೂರು ಸಮ ಪಾಲಿನ ಲೇಔಟ್ ಮತ್ತು ನಡುವೆ ದೊಡ್ಡದು ಪಕ್ಕದಲ್ಲಿ ಚಿಕ್ಕವು ಇರುವ ಲೇಔಟ್ ಎರಡೂ ಇಲ್ಲಿ ಸಿಗುತ್ತವೆ. ನಾನು ಹೇಳುತ್ತಿರುವುದು ಆ ಎರಡನೆಯದನ್ನೇ. ದಿನಾ ಅದೇ ಎರಡು ಸಂಖ್ಯೆ ಒತ್ತಿದರೆ ಕೆಲವೇ ದಿನದಲ್ಲಿ ಚಿತ್ರ ನೋಡುವ ಅಗತ್ಯವೂ ಇರುವುದಿಲ್ಲ.

ಮೂರು ಪಾಲಿನ ಲೇಔಟ್ ನಿಮ್ಮಲ್ಲಿ ಕಾಣಿಸದಿದ್ದರೆ ಸ್ಕೇಲಿಂಗ್ ನೋಡಿ. ಅಕ್ಷರ ದೊಡ್ಡದಾಗಲಿ ಅಂತ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 125, 150 ಶೇಕಡಾ ಇಟ್ಟುಕೊಳ್ಳುತ್ತೀವಲ್ಲ, ಅದರಿಂದ ಲೆಕ್ಕಕ್ಕೆ ಸಿಗುವ ಅಗಲ ಕಡಿಮೆಯಾಗುತ್ತದೆ. ಸ್ಕೇಲಿಂಗ್ ಕಳೆದ ಮೇಲೆ 1920 ಅಥವಾ ಅದಕ್ಕಿಂತ ಜಾಸ್ತಿ ಅಗಲ ಉಳಿದಿದ್ದರೆ ಮಾತ್ರ ವಿಂಡೋಸ್ ಮೂರು ಪಾಲಿನವನ್ನು ತೋರಿಸುತ್ತದೆ. 2560ಕ್ಕೆ 150 ಶೇಕಡಾ ಇಟ್ಟರೆ ಉಳಿಯುವುದು ಸುಮಾರು 1706, ಹಾಗಾಗಿ ಅವು ಮಾಯ. 125 ಇಟ್ಟರೆ 2048, ವಾಪಸ್ ಬರುತ್ತವೆ.

ಇನ್ನು ಒಂದು ವಿಂಡೋದಿಂದ ಇನ್ನೊಂದಕ್ಕೆ ಹೋಗುವುದು. ಆಲ್ಟ್ ಟ್ಯಾಬ್ ಎಲ್ಲರಿಗೂ ಗೊತ್ತು, ಆದರೆ ಅದರಲ್ಲಿ ಕ್ರಮ ಸದಾ ಬದಲಾಗುತ್ತಿರುತ್ತದೆ, ಕಣ್ಣು ಹಾಕಿ ಹುಡುಕಲೇಬೇಕು. ವಿನ್ ಮತ್ತು ಸಂಖ್ಯೆ ಒತ್ತುವುದು ಇದಕ್ಕಿಂತ ತುಂಬಾ ಮೇಲು. ಟಾಸ್ಕ್‌ಬಾರ್‌ನಲ್ಲಿ ಪಿನ್ ಮಾಡಿರುವ ಮೊದಲನೆಯ ಆ್ಯಪ್‌ಗೆ ವಿನ್ 1, ಎರಡನೆಯದಕ್ಕೆ ವಿನ್ 2, ಹೀಗೆ. ಎಡದ ಜಾಗದ ಆ್ಯಪನ್ನು ಮೊದಲು, ನಡುವಿನದನ್ನು ಎರಡನೆಯದಾಗಿ, ಬಲದ್ದನ್ನು ಮೂರನೆಯದಾಗಿ ಪಿನ್ ಮಾಡಿ ನೋಡಿ. ಆಗ ಸಂಖ್ಯೆಯ ಕ್ರಮವೂ ಸ್ಕ್ರೀನಿನ ಕ್ರಮವೂ ಒಂದೇ ಆಗುತ್ತದೆ, ಕೈಗೆ ಯೋಚನೆ ಬೇಕಾಗುವುದಿಲ್ಲ. ಇಡೀ ಜೋಡಣೆ ಬದಲಿಸಲು ವರ್ಚುಯಲ್ ಡೆಸ್ಕ್‌ಟಾಪ್ ಇದೆ. ವಿನ್, ಕಂಟ್ರೋಲ್, ಡಿ ಒತ್ತಿದರೆ ಹೊಸದು ತೆರೆಯುತ್ತದೆ, ವಿನ್ ಕಂಟ್ರೋಲ್ ಜೊತೆ ಎಡ ಬಲ ಬಾಣದಿಂದ ಓಡಾಡಬಹುದು. ಆಫೀಸ್ ಕೆಲಸ ಒಂದರಲ್ಲಿ, ಸ್ವಂತದ್ದು ಇನ್ನೊಂದರಲ್ಲಿ.

ಫ್ಯಾನ್ಸಿಝೋನ್ಸ್

ವಿಂಡೋಸ್‌ನ ಸಿದ್ಧ ಲೇಔಟ್‌ಗಳಲ್ಲಿ ಅಳತೆ ಅವರದೇ. ನಿಮ್ಮ ಅಳತೆ ಬೇಕಾದರೆ ಮೈಕ್ರೋಸಾಫ್ಟ್‌ನದೇ ಪವರ್‌ಟಾಯ್ಸ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ, ಅದರಲ್ಲಿ ಫ್ಯಾನ್ಸಿಝೋನ್ಸ್ ಅಂತ ಒಂದು ಭಾಗ ಇದೆ. ಆಫೀಸ್ ಲ್ಯಾಪ್‌ಟಾಪ್ ಆದರೆ ಮೊದಲು ಐಟಿಯವರನ್ನು ಕೇಳಿ, ಎಷ್ಟೋ ಕಂಪನಿಗಳಲ್ಲಿ ಹೊರಗಿನ ಸಾಫ್ಟ್‌ವೇರ್ ಹಾಕಲು ಅನುಮತಿ ಬೇಕು. ಅಲ್ಟ್ರಾವೈಡ್ ಇದ್ದು ವಿಂಡೋಸ್ ಬಳಸುವವರು ಒಂದೇ ಒಂದು ವಿಷಯ ಕಲಿಯಬೇಕು ಅಂದರೆ ಇದನ್ನೇ ಕಲಿಯಿರಿ ಅಂತೀನಿ.

ವಿನ್, ಶಿಫ್ಟ್ ಮತ್ತು 1ರ ಎಡಕ್ಕಿರುವ ಕೀ, ಅಂದರೆ ಎಸ್ಕೇಪ್ ಕೆಳಗಡೆ ಇರುತ್ತದಲ್ಲ ಅದು, ಈ ಮೂರನ್ನೂ ಒಟ್ಟಿಗೆ ಒತ್ತಿದರೆ ಲೇಔಟ್ ಬರೆಯುವ ಎಡಿಟರ್ ತೆರೆಯುತ್ತದೆ. ಪ್ರಯಾರಿಟಿ ಗ್ರಿಡ್ ಅನ್ನೋ ಸಿದ್ಧ ಲೇಔಟ್‌ನಲ್ಲಿ ನಡುವಿನ ಪಾಲು ಆಗಲೇ ದೊಡ್ಡದಿರುತ್ತದೆ, ಅದರಿಂದ ಶುರು ಮಾಡುವುದು ಸುಲಭ. ಸ್ವಂತದ್ದು ಬೇಕಾದರೆ ಹೊಸ ಗ್ರಿಡ್ ಮಾಡಿ, ಗೆರೆಗಳನ್ನು ಎಳೆದು ಕೂರಿಸಿ. ಬಲಗಡೆಯ ಪಾಲನ್ನು ಅಡ್ಡಕ್ಕೆ ಸೀಳಿ, ಮೇಲೆ ಟರ್ಮಿನಲ್, ಕೆಳಗೆ ಚಾಟ್ ಇಟ್ಟುಕೊಳ್ಳಬಹುದು. ಎಡಕ್ಕೆ ಬೇಡ, ಅಲ್ಲಿ ಉದ್ದ ಪುಟಗಳು ಓದೋಕೆ ಪೂರ್ತಿ ಎತ್ತರ ಇರಲಿ.

ಲೇಔಟ್ ಆದ ಮೇಲೆ ಮೌಸ್‌ನಲ್ಲಿ ವಿಂಡೋ ಎಳೆಯುವಾಗ ಶಿಫ್ಟ್ ಹಿಡಿದರೆ ಝೋನ್‌ಗಳು, ಅಂದರೆ ನೀವು ಬರೆದ ಜಾಗಗಳು, ಕಾಣುತ್ತವೆ. ಆದರೆ ನಮಗೆ ಬೇಕಾದದ್ದು ಕೀಬೋರ್ಡ್. ಸೆಟ್ಟಿಂಗ್‌ನಲ್ಲಿ ವಿಂಡೋಸ್ ಸ್ನ್ಯಾಪ್ (ವಿಂಡೋಸ್‌ನದೇ ಜೋಡಿಸುವ ಸೌಲಭ್ಯ) ಬದಲಿಗೆ ಇದನ್ನೇ ಬಳಸುವ ಒಂದು ಆಯ್ಕೆ ಇದೆ, ಅದನ್ನು ಆನ್ ಮಾಡಿ. ಈಗ ವಿನ್ ಮತ್ತು ಬಾಣ ಒತ್ತಿದರೆ ವಿಂಡೋ ಅರ್ಧಕ್ಕೆ ಹಾರುವುದಿಲ್ಲ, ನೀವು ಬರೆದ ಝೋನ್‌ನಿಂದ ಝೋನ್‌ಗೆ ಸರಿಯುತ್ತದೆ. ಅದೇ ಹಳೆಯ ಕೀ, ಬೆರಳಿಗೆ ಆಗಲೇ ಅಭ್ಯಾಸ ಇರುವಂಥದ್ದು, ಈಗ ನಡುವಿನ ಜಾಗವೂ ಅದಕ್ಕೆ ಸಿಗುತ್ತದೆ. ಅಲ್ಲೇ ಇನ್ನೊಂದು ಆಯ್ಕೆ ಇದೆ. ಝೋನ್ ಸಂಖ್ಯೆಯ ಕ್ರಮದಲ್ಲಿ ಸರಿಯಬೇಕೋ, ಸ್ಕ್ರೀನ್ ಮೇಲೆ ಎಲ್ಲಿದೆಯೋ ಆ ದಿಕ್ಕಿಗೆ ಸರಿಯಬೇಕೋ ಅಂತ. ಎರಡನೆಯದನ್ನು ಆರಿಸಿ, ಬಲಗಡೆ ಮೇಲೆ ಕೆಳಗೆ ಎರಡು ಝೋನ್ ಇದ್ದಾಗ ಮೇಲಿನ ಬಾಣ ಮೇಲಕ್ಕೇ ಹೋಗಬೇಕಲ್ವಾ. ಆಗ ವಿನ್, ಕಂಟ್ರೋಲ್, ಆಲ್ಟ್ ಹಿಡಿದು ಬಾಣ ಒತ್ತಿದರೆ ವಿಂಡೋ ಪಕ್ಕದ ಝೋನ್‌ಗೂ ಹರಡಿಕೊಳ್ಳುತ್ತದೆ. ಅಗಲವಾದ ಎಕ್ಸೆಲ್ ಶೀಟ್ ಬಂದಾಗ ಇದು ತುಂಬಾ ಉಪಯೋಗ.

ಮೂರನೆಯ ಕೆಲಸ ಅಂತ ಹೇಳಿದೆನಲ್ಲ, ಒಂದೇ ಜಾಗದಲ್ಲಿ ಹಿಂದೆ ಮುಂದೆ ಇರುವ ವಿಂಡೋಗಳು, ಅದಕ್ಕೆ ಇಲ್ಲಿ ವಿನ್ ಜೊತೆ ಪೇಜ್ ಅಪ್, ಪೇಜ್ ಡೌನ್ ಇದೆ. ಬಲಗಡೆಯ ಝೋನ್‌ನಲ್ಲೇ ಮೇಲ್, ಚಾಟ್, ಕ್ಯಾಲೆಂಡರ್ ಮೂರನ್ನೂ ಕೂರಿಸಿ, ಈ ಕೀಯಿಂದ ತಿರುಗಿಸುತ್ತಾ ಹೋಗಬಹುದು. ನಡುವಿನ ಕೆಲಸಕ್ಕೆ ಏನೂ ಅಡ್ಡ ಬರುವುದಿಲ್ಲ. ಅಗಲ ಸ್ಕ್ರೀನ್ ಇದ್ದರೆ ಎಲ್ಲವೂ ಒಟ್ಟಿಗೆ ಕಾಣಬೇಕು ಅಂತ ಏನಿಲ್ಲ. ಎಂಟು ವಿಂಡೋ ಎಂಟು ಚೂರಾಗಿ ಹರಡಿದರೆ ಒಂದನ್ನೂ ಸರಿಯಾಗಿ ಓದೋಕೆ ಆಗಲ್ಲ.

ನಾಲ್ಕನೆಯದಕ್ಕೆ, ಎಡಿಟರ್‌ನಲ್ಲಿ ನೀವೇ ಮಾಡಿದ ಒಂದೊಂದು ಲೇಔಟ್‌ಗೂ 0ಯಿಂದ 9ರವರೆಗೆ ಒಂದು ಸಂಖ್ಯೆ ಕೊಡಬಹುದು. ವಿನ್, ಕಂಟ್ರೋಲ್, ಆಲ್ಟ್ ಮತ್ತು ಆ ಸಂಖ್ಯೆ ಒತ್ತಿದರೆ ಇಡೀ ಲೇಔಟ್ ಬದಲಾಗುತ್ತದೆ. ಕೆಲಸಕ್ಕೆ 1, ಮೀಟಿಂಗ್‌ಗೆ 2 ಅಂತ ಇಟ್ಟುಕೊಂಡರೆ ಸಾಕು. ಮೀಟಿಂಗ್ ಲೇಔಟ್ ಯಾಕೆ ಬೇರೆ ಬೇಕು ಅನ್ನೋದನ್ನು ಮುಂದೆ ಹೇಳುತ್ತೇನೆ.

ವಾರಕ್ಕೆ ಕೆಲವು ದಿನ ಆಫೀಸ್, ಉಳಿದ ದಿನ ಮನೆ ಅನ್ನೋದು ಈಗ ಬೆಂಗಳೂರಿನಲ್ಲಿ ಮಾಮೂಲಿ. ಲ್ಯಾಪ್‌ಟಾಪ್ ಕೇಬಲ್ ಕಿತ್ತು ಮತ್ತೆ ಚುಚ್ಚಿದಾಗೆಲ್ಲ ವಿಂಡೋಗಳು ಚೆಲ್ಲಾಪಿಲ್ಲಿ ಆಗುತ್ತವೆ ಅನ್ನೋದು ಎಲ್ಲರ ದೂರು. ವಿಂಡೋಸ್ 11ರ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಮಾನಿಟರ್‌ಗೆ ತಕ್ಕಂತೆ ವಿಂಡೋ ಜಾಗ ನೆನಪಿಡುವ ಆಯ್ಕೆ ಇದೆ. ಫ್ಯಾನ್ಸಿಝೋನ್ಸ್‌ನಲ್ಲೂ ಹೊಸದಾಗಿ ತೆರೆದ ವಿಂಡೋವನ್ನು ಅದು ಹಿಂದಿನ ಸಲ ಇದ್ದ ಝೋನ್‌ಗೇ ಕಳಿಸುವ ಆಯ್ಕೆ ಇದೆ. ಎರಡನ್ನೂ ಆನ್ ಮಾಡಿ. ಆ ಮೇಲೂ ಕೆಲವು ಹಳೆಯ ಆ್ಯಪ್‌ಗಳು ಮಾತು ಕೇಳುವುದಿಲ್ಲ. ಇನ್ನು ಕೆಲವು ಒಂದು ಅಳತೆಗಿಂತ ಕಿರಿದಾಗಲು ಒಪ್ಪುವುದೇ ಇಲ್ಲ, ಪಕ್ಕದ ವಿಂಡೋ ಮೇಲೆ ಚಾಚಿಕೊಳ್ಳುತ್ತವೆ. ಅಂಥವನ್ನು ನಡುವಿನ ದೊಡ್ಡ ಝೋನ್‌ನಲ್ಲೇ ಇಡಬೇಕು, ಬೇರೆ ದಾರಿ ಇಲ್ಲ.

ಮ್ಯಾಕ್‌ನಲ್ಲಿ

ಮ್ಯಾಕ್‌ನವರು ಇದಕ್ಕಾಗಿ ಬಹಳ ವರ್ಷ ಕಾದರು. 2024ರ ಮ್ಯಾಕ್‌ಓಎಸ್ ಸಿಕ್ವೋಯಾದಲ್ಲಿ ಕೊನೆಗೂ ಕೀಬೋರ್ಡ್‌ನಿಂದ ವಿಂಡೋ ಕೂರಿಸುವುದು ಬಂತು. ಎಫ್‌ಎನ್ ಮತ್ತು ಕಂಟ್ರೋಲ್ ಹಿಡಿದು ಬಾಣ ಒತ್ತಿದರೆ ಆ ಕಡೆಯ ಅರ್ಧ, ಎಫ್ ಒತ್ತಿದರೆ ಪೂರ್ತಿ, ಸಿ ಒತ್ತಿದರೆ ಇದ್ದ ಅಳತೆಯಲ್ಲೇ ನಡುವೆ, ಆರ್ ಒತ್ತಿದರೆ ಮೊದಲಿದ್ದ ಹಾಗೆ. ಆದರೆ ಇದರಲ್ಲಿ ಮೂರು ಪಾಲು ಇಲ್ಲ. ಅಲ್ಟ್ರಾವೈಡ್‌ಗೆ ಬೇಕಾದದ್ದೇ ಇಲ್ಲ ಅಂದ ಹಾಗಾಯಿತು.

ಅದಕ್ಕೆ ರೆಕ್ಟ್ಯಾಂಗಲ್ ಅನ್ನೋ ಆ್ಯಪ್ ಹಾಕಿಕೊಳ್ಳಿ. ಉಚಿತ, ಓಪನ್ ಸೋರ್ಸ್. ಅದು ಸೂಚಿಸುವ ಕೀಗಳನ್ನೇ ಇಟ್ಟುಕೊಂಡರೆ ಕಂಟ್ರೋಲ್ ಮತ್ತು ಆಪ್ಷನ್ ಹಿಡಿದು ಡಿ ಒತ್ತಿದರೆ ಎಡದ ಮೂರನೇ ಒಂದು ಪಾಲು, ಎಫ್ ಒತ್ತಿದರೆ ನಡುವಿನದು, ಜಿ ಒತ್ತಿದರೆ ಬಲದ್ದು. ಕೀಬೋರ್ಡ್ ನೋಡಿ, ಡಿ ಎಫ್ ಜಿ ಪಕ್ಕಪಕ್ಕದಲ್ಲೇ ಇವೆ, ಸ್ಕ್ರೀನ್‌ನಲ್ಲಿರುವ ಕ್ರಮದಲ್ಲೇ ಇವೆ. ಯಾರೋ ಚೆನ್ನಾಗಿ ಯೋಚನೆ ಮಾಡಿ ಇಟ್ಟಿದ್ದಾರೆ. ಅದರ ಮೇಲಿನ ಸಾಲಿನ ಇ ಒತ್ತಿದರೆ ಎಡದ ಮೂರನೇ ಎರಡು ಪಾಲು, ಟಿ ಒತ್ತಿದರೆ ಬಲದ ಮೂರನೇ ಎರಡು ಪಾಲು. ನಾಲ್ಕು ಮೂಲೆಗೆ ಯು, ಐ, ಜೆ, ಕೆ, ಅವೂ ಕೀಬೋರ್ಡ್ ಮೇಲೆ ಚೌಕವಾಗಿಯೇ ಕೂತಿವೆ. ಒಂದು ಎಚ್ಚರಿಕೆ. ದೃಷ್ಟಿ ತೊಂದರೆ ಇರುವವರು ಬಳಸುವ, ಸ್ಕ್ರೀನ್ ಓದಿ ಹೇಳುವ ವಾಯ್ಸ್‌ಓವರ್‌ಗೂ ಕಂಟ್ರೋಲ್ ಆಪ್ಷನ್ ಜೋಡಿಯೇ ಆಧಾರ. ನೀವು ವಾಯ್ಸ್‌ಓವರ್ ಬಳಸುತ್ತಿದ್ದರೆ ರೆಕ್ಟ್ಯಾಂಗಲ್‌ನ ಕೀಗಳನ್ನು ಬೇರೆ ಮಾಡಿಕೊಳ್ಳಲೇಬೇಕು.

ಒಂದೇ ಆ್ಯಪ್‌ನ ಎರಡು ವಿಂಡೋ ನಡುವೆ ಹೋಗಲು ಕಮಾಂಡ್ ಮತ್ತು ಟ್ಯಾಬ್ ಮೇಲಿನ ಕೀ, ಆ್ಯಪ್‌ಗಳ ನಡುವೆ ಕಮಾಂಡ್ ಟ್ಯಾಬ್. ಇದು ಹಳೆಯದೇ.

ಲಿನಕ್ಸ್‌ನಲ್ಲಿ

ಗ್ನೋಮ್ ಅನ್ನೋ ಡೆಸ್ಕ್‌ಟಾಪ್‌ನಲ್ಲಿ ಸುಮ್ನೆ ಸೂಪರ್ ಕೀ (ವಿನ್ ಕೀಗೇ ಲಿನಕ್ಸ್‌ನಲ್ಲಿ ಈ ಹೆಸರು) ಜೊತೆ ಎಡ ಬಲ ಬಾಣ, ಅರ್ಧ-ಅರ್ಧ, ಅಷ್ಟೇ. ಉಬುಂಟು 23.10ರಿಂದ ಅದರ ಜೊತೆಗೇ ಬರುವ ಟೈಲಿಂಗ್ ಅಸಿಸ್ಟೆಂಟ್‌ನಿಂದ ನಾಲ್ಕು ಮೂಲೆಗಳು ಸಿಕ್ಕವು. ಇನ್ನೊಂದು ಡೆಸ್ಕ್‌ಟಾಪ್ ಆದ ಕೆಡಿಇ ಪ್ಲಾಸ್ಮಾ ಇದಕ್ಕಿಂತ ಮುಂದಿದೆ. 2023ರ 5.27 ಆವೃತ್ತಿಯಿಂದ ಮೆಟಾ (ಅದೇ ವಿನ್ ಕೀ) ಮತ್ತು ಟಿ ಒತ್ತಿದರೆ ಜಾಗ ಬರೆಯುವ ಎಡಿಟರ್ ಬರುತ್ತದೆ, ಶಿಫ್ಟ್ ಹಿಡಿದು ಎಳೆದರೆ ವಿಂಡೋ ಅಲ್ಲಿ ಕೂರುತ್ತದೆ. ಹೆಚ್ಚುಕಡಿಮೆ ಫ್ಯಾನ್ಸಿಝೋನ್ಸ್ ತರಹವೇ.

ವಿಂಡೋಗಳನ್ನು ನೀವು ಕೂರಿಸದೆಯೇ ತಾನೇ ಜೋಡಿಸಿಕೊಳ್ಳುವ ಐ3, ಸ್ವೇ, ಹೈಪರ್‌ಲ್ಯಾಂಡ್ ಬಳಸುವವರಿಗೆ ಇಲ್ಲಿ ಬೇರೆ ತರಹದ ತೊಂದರೆ. ಮೊದಲ ವಿಂಡೋ ತೆರೆದ ಕೂಡಲೇ ಅದು 3440 ಪಿಕ್ಸೆಲ್ ಪೂರ್ತಿ ತುಂಬಿಕೊಳ್ಳುತ್ತದೆ. ಎರಡನೆಯದು ತೆರೆದರೆ ಅರ್ಧ-ಅರ್ಧ, ಮತ್ತೆ ಗೆರೆ ಮೂಗಿನ ನೇರಕ್ಕೆ. ಚಿಕ್ಕ ಲ್ಯಾಪ್‌ಟಾಪ್‌ನಲ್ಲಿ ಇಷ್ಟು ಚೆನ್ನಾಗಿ ನಡೆಯುವ ಪದ್ಧತಿ ಅಗಲ ಸ್ಕ್ರೀನ್‌ನಲ್ಲಿ ಎಡವುವುದು ಇಲ್ಲೇ. ಐ3ಯಲ್ಲಿ ಇದನ್ನು ಗ್ಯಾಪ್, ಅಂದರೆ ಖಾಲಿ ಜಾಗ, ಕೊಟ್ಟು ಸರಿ ಮಾಡಬಹುದು. 4.22 ಆವೃತ್ತಿಯಿಂದ ಗ್ಯಾಪ್ ಸೌಲಭ್ಯ ಐ3ಯೊಳಗೇ ಸೇರಿದೆ, ಎಡ ಬಲದ ಅಂಚಿಗೆ ದೊಡ್ಡ ಗ್ಯಾಪ್ ಇಟ್ಟರೆ ಒಂಟಿ ವಿಂಡೋ ನಡುವೆ ಕೂರುತ್ತದೆ. ಹೈಪರ್‌ಲ್ಯಾಂಡ್‌ನ ಮಾಸ್ಟರ್ ಲೇಔಟ್‌ನಲ್ಲಿ ಮುಖ್ಯ ವಿಂಡೋವನ್ನು ನಡುವೆ ಇಟ್ಟು ಉಳಿದವನ್ನು ಎರಡೂ ಕಡೆ ಹಂಚುವ ಆಯ್ಕೆ ಇದೆ. ಇದೇ ಬಗೆಯ ಎಕ್ಸ್‌ಮೊನಾಡ್‌ನಲ್ಲಿ ಇದೇ ಕೆಲಸಕ್ಕೆ ತ್ರೀಕಾಲ್‌ಮಿಡ್ ಅನ್ನೋ ಲೇಔಟ್ ಹಿಂದಿನಿಂದಲೂ ಇದೆ.

ನನಗೆ ಅಗಲ ಸ್ಕ್ರೀನ್‌ಗೆ ಇವೆಲ್ಲಕ್ಕಿಂತ ಹೊಂದುವುದು ಅನ್ನಿಸಿರುವುದು ನಿರಿ ಅನ್ನೋ ಸಾಫ್ಟ್‌ವೇರ್. ಅದರಲ್ಲಿ ಸ್ಕ್ರೀನನ್ನು ಚೂರು ಮಾಡುವುದೇ ಇಲ್ಲ. ವಿಂಡೋಗಳು ಒಂದು ಉದ್ದ ಪಟ್ಟಿಯ ಮೇಲೆ ಪಕ್ಕಪಕ್ಕ ನಿಲ್ಲುತ್ತವೆ, ಸ್ಕ್ರೀನ್ ಆ ಪಟ್ಟಿಯ ಒಂದು ಭಾಗವನ್ನು ತೋರಿಸುತ್ತದೆ. ಹೊಸ ವಿಂಡೋ ತೆರೆದರೆ ಹಳೆಯದರ ಅಗಲ ಒಂದು ಪಿಕ್ಸೆಲ್ ಕೂಡ ಕಡಿಮೆಯಾಗುವುದಿಲ್ಲ, ಪಟ್ಟಿ ಉದ್ದ ಆಗುತ್ತದೆ ಅಷ್ಟೇ. ಮಾಡ್ (ಸಾಮಾನ್ಯವಾಗಿ ವಿನ್ ಕೀಯೇ) ಮತ್ತು ಆರ್ ಒತ್ತುತ್ತಾ ಹೋದರೆ ವಿಂಡೋ ಅಗಲ ಮೂರನೇ ಒಂದು, ಅರ್ಧ, ಮೂರನೇ ಎರಡು ಅಂತ ಬದಲಾಗುತ್ತದೆ. ಮಾಡ್ ಮತ್ತು ಸಿ ಒತ್ತಿದರೆ ಈಗಿನ ವಿಂಡೋ ನಡುವಿಗೆ ಬರುತ್ತದೆ. ಕೆಲಸ ಬದಲಾದ ಹಾಗೆ ಅದರ ವಿಂಡೋವೇ ನಿಮ್ಮ ಎದುರಿಗೆ ಬಂದು ನಿಲ್ಲುತ್ತದೆ, ಕತ್ತು ತಿರುಗಿಸುವ ಮಾತೇ ಇಲ್ಲ. ಗ್ನೋಮ್ ಬಿಡಲು ಇಷ್ಟವಿಲ್ಲದವರಿಗೆ ಪೇಪರ್‌ಡಬ್ಲ್ಯೂಎಂ ಅನ್ನೋ ಎಕ್ಸ್‌ಟೆನ್ಷನ್ ಇದೇ ರೀತಿ ನಡೆಯುತ್ತದೆ.

ಸ್ಕ್ರೀನ್ ಶೇರ್ ಮಾಡುವಾಗ

ಅಲ್ಟ್ರಾವೈಡ್ ಇರುವವರು ಮೀಟಿಂಗ್‌ನಲ್ಲಿ ಇಡೀ ಸ್ಕ್ರೀನ್ ಶೇರ್ ಮಾಡಿದರೆ ಆ ಕಡೆ ಇರುವವರಿಗೆ ನಿಜವಾಗಿಯೂ ಕಷ್ಟ. 3440 ಅಗಲದ ಚಿತ್ರ 1366×768ರ ಲ್ಯಾಪ್‌ಟಾಪ್‌ನಲ್ಲಿ ಹಿಡಿಸಬೇಕಾದರೆ ಎಲ್ಲವೂ ಸುಮಾರು 40 ಶೇಕಡಾಕ್ಕೆ ಕುಗ್ಗುತ್ತದೆ. ಮೇಲೆ ಕೆಳಗೆ ಕಪ್ಪು ಪಟ್ಟಿ, ನಡುವೆ ಇರುವೆ ಸಾಲಿನ ಹಾಗೆ ಅಕ್ಷರ. ಫೋನ್‌ನಲ್ಲಿ ನೋಡುವವರ ಪಾಡು ಕೇಳಲೇಬೇಡಿ. ಇದಕ್ಕೇ ಮೀಟಿಂಗ್‌ಗೆ ಬೇರೆ ಲೇಔಟ್ ಇಟ್ಟುಕೊಳ್ಳಿ ಅಂದಿದ್ದು. 1440 ಎತ್ತರದ ಸ್ಕ್ರೀನ್‌ನಲ್ಲಿ 2560 ಅಗಲದ ಒಂದು ಝೋನ್ ಮಾಡಿದರೆ ಅದು ಸರಿಯಾಗಿ 16:9. ಉಳಿಯುವ 880ರಲ್ಲಿ ಮೀಟಿಂಗ್ ಚಾಟ್ ಮತ್ತು ನಿಮ್ಮ ಟಿಪ್ಪಣಿ. ತೋರಿಸಬೇಕಾದ ವಿಂಡೋವನ್ನು ದೊಡ್ಡ ಝೋನ್‌ಗೆ ಕಳಿಸಿ, ಇಡೀ ಸ್ಕ್ರೀನ್ ಬದಲು ಆ ವಿಂಡೋ ಒಂದನ್ನೇ ಶೇರ್ ಮಾಡಿ. ಝೂಮ್‌ನಲ್ಲಿ ಸ್ಕ್ರೀನಿನ ಒಂದು ಭಾಗವನ್ನು ಮಾತ್ರ ಶೇರ್ ಮಾಡುವ ಆಯ್ಕೆಯೂ ಇದೆ, ಎರಡು ಮೂರು ವಿಂಡೋ ಬದಲಿಸಿ ತೋರಿಸುವಾಗ ಅದು ಒಳ್ಳೆಯದು. ಪಕ್ಕದ ಚಾಟ್‌ನಲ್ಲಿ ಬಂದದ್ದೆಲ್ಲ ಎಲ್ಲರಿಗೂ ಕಾಣುವ ಭಯವೂ ಇರುವುದಿಲ್ಲ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ

ಕನ್ನಡ ಬರೆಯುವವರು ಎರಡು ವಿಷಯ ಗಮನಿಸಬೇಕು. ಮೊದಲನೆಯದು ಅಗಲ. ನಮ್ಮ ಪದಗಳು ಉದ್ದ, ಪ್ರತ್ಯಯ ಎಲ್ಲಾ ಅಂಟಿಕೊಂಡು ಬರುತ್ತವೆ. ಕಿರಿದಾದ ಕಾಲಮ್‌ನಲ್ಲಿ ಒಂದೊಂದು ಸಾಲಿಗೆ ಮೂರೋ ನಾಲ್ಕೋ ಪದ ಹಿಡಿದು ಬಲಗಡೆ ಅಂಚು ಹಲ್ಲು ಬಿದ್ದ ಹಾಗೆ ಕಾಣುತ್ತದೆ. ಒತ್ತಕ್ಷರ ಸರಿಯಾಗಿ ಕಾಣಬೇಕು ಅಂತ ಫಾಂಟ್ ದೊಡ್ಡದು ಮಾಡಿದರೆ ಇನ್ನೂ ಜಾಸ್ತಿ. ಹಾಗಾಗಿ ಕನ್ನಡ ಬರೆಯುವ ಪುಟ ನಡುವಿನ ದೊಡ್ಡ ಜಾಗದಲ್ಲೇ ಇರಲಿ, ನಿಘಂಟು ಮತ್ತು ಮೂಲ ಪಠ್ಯ ಕಿರಿದಾದವುಗಳಲ್ಲಿ.

ಎರಡನೆಯದು ಕೀಬೋರ್ಡ್ ಲೇಔಟ್. ವಿಂಡೋಸ್‌ನಲ್ಲಿ ವಿನ್ ಮತ್ತು ಸ್ಪೇಸ್ ಒತ್ತಿ ಕನ್ನಡಕ್ಕೂ ಇಂಗ್ಲಿಷ್‌ಗೂ ಬದಲಿಸುತ್ತಿರುತ್ತೀವಿ. ಬಾಣದ ಕೀ ಯಾವ ಲೇಔಟ್‌ನಲ್ಲೂ ಬಾಣವೇ, ಆದ್ದರಿಂದ ವಿಂಡೋ ಸರಿಸುವ ಶಾರ್ಟ್‌ಕಟ್‌ಗಳನ್ನು ಆದಷ್ಟೂ ಬಾಣದ ಮೇಲೇ ಇಟ್ಟುಕೊಳ್ಳಿ. ಐ3ಯಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಬೈಂಡ್‌ಸಿಮ್ ಅಂತ ಬರೆದರೆ ಕೀ ಒತ್ತಿದಾಗ ಬರುವ ಅಕ್ಷರವನ್ನು ನೋಡುತ್ತದೆ, ಬೈಂಡ್‌ಕೋಡ್ ಅಂತ ಬರೆದರೆ ಕೀ ಕೀಬೋರ್ಡ್‌ನಲ್ಲಿ ಎಲ್ಲಿದೆ ಅನ್ನೋದನ್ನು ನೋಡುತ್ತದೆ. ಲೇಔಟ್ ಆಗಾಗ ಬದಲಿಸುವವರು ಎರಡನೆಯದನ್ನೇ ಬಳಸಿ ಅಂತ ಐ3ಯ ಕೈಪಿಡಿಯೇ ಹೇಳುತ್ತದೆ. ಐ3ಯ ಸೆಟ್ಟಿಂಗ್ ಬರೆದಿಡುವ ಕಾನ್ಫಿಗ್ ಫೈಲ್‌ನಲ್ಲಿ ದಿನಾ ಬಳಸುವ ಹತ್ತು ಹನ್ನೆರಡು ಸಾಲುಗಳನ್ನು ಹಾಗೆ ಬದಲಿಸಿಕೊಂಡರೆ, ಕನ್ನಡ ಲೇಔಟ್ ಆನ್ ಇದ್ದಾಗಲೂ ವಿಂಡೋಗಳು ಹೇಳಿದ ಜಾಗಕ್ಕೇ ಹೋಗುತ್ತವೆ.